ಆರು ಪುಟ ಯುದ್ಧ, ಒಂದು ಸಾಲು ನೀತಿ

ನಮಸ್ಕಾರ,

ನೀವು ಕಳಿಸಿದ ‘ಯುದ್ಧ ಮತ್ತು ಇಂಧನ ಭದ್ರತೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಏಳು ಪುಟದಲ್ಲಿ ಆರು ಪುಟ ಯುಕ್ರೇನ್ ಯುದ್ಧದ ವರದಿ. ಅದನ್ನು ಜನ ಟಿವಿಯಲ್ಲಿ ನೋಡಿ ಮುಗಿಸಿದ್ದಾರೆ. ಕೊನೆಗೆ ‘ಹೀಗಾಗಿ ದೇಶಗಳು ನೀತಿ ಬದಲಿಸಿಕೊಂಡವು’ ಎಂದು ಒಂದೇ ಸಾಲು. ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿಂದ ಅಲ್ವಾ?

ಜರ್ಮನಿಯನ್ನೇ ನೋಡಿ. ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ರಷ್ಯಾದಿಂದ ಬರುತ್ತಿತ್ತು. ಹಡಗಿನಲ್ಲಿ ಬರುವ ಎಲ್‌ಎನ್‌ಜಿ (ತಂಪುಮಾಡಿ ದ್ರವವಾಗಿಸಿದ ಗ್ಯಾಸ್) ಇಳಿಸಿಕೊಳ್ಳಲು ಒಂದು ಟರ್ಮಿನಲ್ಲೂ ಇರಲಿಲ್ಲ. ಯುದ್ಧ ಶುರುವಾಗಿ ಹತ್ತು ತಿಂಗಳೊಳಗೆ, 2022ರ ಡಿಸೆಂಬರ್‌ನಲ್ಲಿ, ಮೊದಲನೆಯದನ್ನು ತೆರೆದರು. ನಾವು ಉಲ್ಟಾ ಹೋದೆವು. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದ ಆಮದಿನಲ್ಲಿ ರಷ್ಯಾದ ಪಾಲು ತೀರಾ ಕಡಿಮೆ. 2023ರ ಹೊತ್ತಿಗೆ ಮೂರರಲ್ಲೊಂದು ಪಾಲು ದಾಟಿತ್ತು. ನೀವು ಇದನ್ನು ‘ದಿಟ್ಟ ನಿಲುವು’ ಎಂದಿದ್ದೀರಿ. ಇರಬಹುದು. ಆದರೆ ಒಬ್ಬರನ್ನೇ ಅಷ್ಟು ನೆಚ್ಚಿಕೊಂಡರೆ, ರಷ್ಯಾದ ಗ್ಯಾಸ್ ನಿಂತು ಜರ್ಮನಿಗೆ ಆದದ್ದು ನಮಗೂ ಆಗಲ್ವಾ? ಆ ಪ್ರಶ್ನೆ ನೀವು ಕೇಳಿಯೇ ಇಲ್ಲ.

ಬೆಂಗಳೂರಿನಲ್ಲಿ ಕೂತು ಬರೆಯುವ ನಿಮಗೆ ಪಾದೂರು ನೆನಪಾಗದ್ದು ಇನ್ನೂ ಆಶ್ಚರ್ಯ. ಉಡುಪಿ ಜಿಲ್ಲೆಯ ಈ ಊರಲ್ಲಿ ಆಪತ್ಕಾಲಕ್ಕೆಂದು ಬಂಡೆ ಕೊರೆದು, ನೆಲದಡಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆ ಮಾಡಿದ್ದಾರೆ. ಮಂಗಳೂರಿನದು 15 ಲಕ್ಷ, ವಿಶಾಖಪಟ್ಟಣದ್ದು 13.3 ಲಕ್ಷ. ಮೂರೂ ಭರ್ತಿ ಇದ್ದರೂ, 2019-20ರ ಬಳಕೆಯ ಲೆಕ್ಕದಲ್ಲಿ, ದೇಶಕ್ಕೆ ಸಾಲುವುದು ಸುಮಾರು ಒಂಬತ್ತೂವರೆ ದಿನ. 1973ರಲ್ಲಿ ಅರಬ್ ದೇಶಗಳು ಹೇರಿದ ತೈಲ ನಿರ್ಬಂಧದ ಪೆಟ್ಟು ತಿಂದ ದೇಶಗಳು ಮರುವರ್ಷ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಕಟ್ಟಿಕೊಂಡವು. ಅಲ್ಲಿನ ನಿಯಮ 90 ದಿನದ ಆಮದಿನಷ್ಟು ದಾಸ್ತಾನು. ಹೋಲಿಸುವಾಗ ಹುಷಾರು: ಆ 90ರಲ್ಲಿ ಕಂಪನಿಗಳ ದಾಸ್ತಾನೂ ಸೇರುತ್ತದೆ. ನಮ್ಮ ಒಂಬತ್ತೂವರೆಯಲ್ಲಿ ಸೇರಿಲ್ಲ.

‘ಭೂರಾಜಕೀಯ ಸಂಘರ್ಷಜನ್ಯ ಅಭದ್ರತೆ’ ತೆಗೆದುಬಿಡಿ. ಮೂರನೇ ಮಹಾಯುದ್ಧದ ಭವಿಷ್ಯವನ್ನೂ.

ಇಟ್ಟುಕೊಳ್ಳಬೇಕಾದ್ದು ಆ ದರ್ಶಿನಿ. ಸಿಲಿಂಡರ್ ರೇಟು ಏರಿತೆಂದು ಮಾಲೀಕರು ಬೋರ್ಡಿನಲ್ಲಿ ಕಾಫಿ ಬೆಲೆ ಅಳಿಸಿ ಬರೆಯುವುದನ್ನು ನೀವು ನಿಂತು ನೋಡಿದ್ದೀರಿ, ಸೊಗಸಾಗಿ ಬರೆದಿದ್ದೀರಿ. ನಮ್ಮ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಮದು, ಅದರಲ್ಲಿ ಬಹುಪಾಲು ಬಂದಿರುವುದು ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಜಲಸಂಧಿ ದಾಟಿಯೇ. ಆ ಬೋರ್ಡಿನಿಂದ ಶುರು ಮಾಡಿ, ಪಾದೂರಿಗೆ ಬನ್ನಿ. ಅಲ್ಲಿರುವುದು ಕಚ್ಚಾ ತೈಲ, ಸಿಲಿಂಡರಿನ ಗ್ಯಾಸ್ ಅಲ್ಲ. ಹಾಗಾದರೆ ದರ್ಶಿನಿಯ ಒಲೆಗೆ ಏನು ಗತಿ ಎಂದು ವಿಚಾರಿಸಿ ಬರೆಯಿರಿ. 1,200 ಪದ ಸಾಕು.