ಆರನೇ ದಿನದ ಹಾಜರಿಯಲ್ಲಿದೆ ಕನ್ನಡ ಡಿವಿಷನ್

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿ. ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಬರುವುದಿಲ್ಲ. ಹೆಡ್‌ಮಾಸ್ಟರನ್ನು ಕೇಳಿದರೆ ‘ಮೇಲಿನವರು ಕಳಿಸಿದ್ದು’ ಎನ್ನುತ್ತಾರೆ. ಈ ಮೇಲಿನವರು ಯಾರು? ಯಾರಿಗೆ ಬರೆಯಬೇಕು?
– ಬದಿಯಡ್ಕದ ಓದುಗರು

ಉತ್ತರ: ಮೊದಲು ನಿಮ್ಮ ಶಾಲೆ ಯಾವ ಬಗೆಯದು ಎಂದು ನೋಡಿಕೊಳ್ಳಿ. ಅದು ಬರೀ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಾದರೆ ಉಪಜಿಲ್ಲೆಯ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಯ ಕೆಳಗೆ ಬರುತ್ತದೆ. ಹೈಸ್ಕೂಲಿಗೆ ಸೇರಿದ ಯು.ಪಿ. ವಿಭಾಗವಾದರೆ ಡಿ.ಇ.ಒ. (ಜಿಲ್ಲಾ ಶಿಕ್ಷಣಾಧಿಕಾರಿ) ಕೆಳಗೆ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಡಿ.ಇ.ಒ. ಕಚೇರಿ ಎರಡೇ, ಕಾಸರಗೋಡು ಮತ್ತು ಕಾಞಂಗಾಡು. ಇವುಗಳ ಮೇಲೆ ಜಿಲ್ಲಾ ಉಪನಿರ್ದೇಶಕರು, ಅಂದರೆ ಡಿ.ಡಿ.ಇ.; ಅವರ ಮೇಲೆ ತಿರುವನಂತಪುರದ ನಿರ್ದೇಶನಾಲಯ. ಸರಕಾರಿ ಶಾಲೆಗೆ ಟೀಚರುಗಳು ಪಿ.ಎಸ್.ಸಿ. (ಲೋಕಸೇವಾ ಆಯೋಗ) ಪಟ್ಟಿಯಿಂದ ಬರುತ್ತಾರೆ. ಅನುದಾನಿತ ಶಾಲೆಯಲ್ಲಿ ನೇಮಿಸುವುದು ಮ್ಯಾನೇಜರು, ಸಂಬಳ ಕೊಡುವುದು ಸರಕಾರ. ನೇಮಕಕ್ಕೆ ಇಲಾಖೆಯ ಮಂಜೂರಾತಿ ಬೇಕೇ ಬೇಕು. ಹಾಗಾಗಿ ಅನುದಾನಿತ ಶಾಲೆಯ ವಿಷಯದಲ್ಲಿ ನಿಮ್ಮ ಅರ್ಜಿಯ ಒಂದು ಪ್ರತಿ ಮ್ಯಾನೇಜರಿಗೂ ಹೋಗಲಿ.

ತಪ್ಪಿನ ಬೇರು ಹೆಚ್ಚಿನ ಸಲ ಜೂನ್ ತಿಂಗಳಲ್ಲೇ ಇರುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ಹಾಜರಿಯಲ್ಲಿರುವ ಮಕ್ಕಳ ಲೆಕ್ಕ ಹಿಡಿದು ಆ ವರ್ಷ ಎಷ್ಟು ಡಿವಿಷನ್ (ತರಗತಿಯ ವಿಭಾಗ), ಎಷ್ಟು ಹುದ್ದೆ ಎಂದು ತೀರ್ಮಾನವಾಗುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬರು. ಏಳನೇ ದಿನ ಬಂದು ಸೇರಿದ ಮಗು ಆ ವರ್ಷದ ಲೆಕ್ಕಕ್ಕಿಲ್ಲ. ಗಡಿ ಭಾಗದಲ್ಲಿ ಮದುವೆ, ಕೋಲ, ನೆಂಟರ ಮನೆ ಎಂದು ಮಕ್ಕಳನ್ನು ಜೂನ್ ಎರಡನೇ ವಾರದವರೆಗೂ ಮನೆಯಲ್ಲಿ ಉಳಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಲ್ಕೈದು ಮಕ್ಕಳು ಕಡಿಮೆಯಾದರೂ ಒಂದು ಹುದ್ದೆ ಹೋಗಬಹುದು.

ಇನ್ನೊಂದು ತಪ್ಪು ಪ್ರವೇಶದ ಫಾರ್ಮಿನಲ್ಲಿ. ಅದರ ವಿವರಗಳೇ ಮಕ್ಕಳ ದಾಖಲೆ ಇಡುವ ಇಲಾಖೆಯ ‘ಸಂಪೂರ್ಣ’ ತಂತ್ರಾಂಶಕ್ಕೆ ಏರುವುದು. ಅಲ್ಲಿ ಮಾತೃಭಾಷೆಗೆ ಒಂದು ಕಾಲಂ, ಬೋಧನಾ ಮಾಧ್ಯಮಕ್ಕೆ ಇನ್ನೊಂದು, ಪ್ರಥಮ ಭಾಷೆಯ ಎರಡು ಪತ್ರಿಕೆಗಳಿಗೆ ಬೇರೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಡುವವರು ಮಾತೃಭಾಷೆಯ ಕಾಲಮಿನಲ್ಲಿ ಅದನ್ನೇ ಬರೆಯಲಿ, ಅದರಲ್ಲಿ ತಪ್ಪಿಲ್ಲ. ಮಾಧ್ಯಮದ ಕಾಲಮಿನಲ್ಲಿ ಮಾತ್ರ ‘ಕನ್ನಡ’ ಎಂದೇ ಇರಬೇಕು. ಮಲಯಾಳ ಡಿವಿಷನ್ ಕೂಡ ಇರುವ ಶಾಲೆಯಲ್ಲಿ ಅವಸರಕ್ಕೆ ಬೇರೆ ಮಾಧ್ಯಮ ನಮೂದಾದರೆ, ಮಗು ಕೂತಿರುವುದು ಕನ್ನಡ ತರಗತಿಯಲ್ಲಿ, ಲೆಕ್ಕದಲ್ಲಿರುವುದು ಇನ್ನೊಂದು ಕಡೆ. ಜೂನ್ ಮೊದಲ ವಾರದಲ್ಲೇ ಕ್ಲಾಸ್ ಟೀಚರ ಹತ್ತಿರ ಆ ಪುಟ ತೆರೆಸಿ ಕಣ್ಣಾರೆ ನೋಡಿಕೊಳ್ಳಿ.

ಈಗ ಅರ್ಜಿ. ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ನಿರ್ಣಯದ ಪ್ರತಿ ಲಗತ್ತಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಜೊತೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕೊಟ್ಟು ಎರಡು ಸಂಗತಿ ಕೇಳಿ: ಈ ವರ್ಷದ ಹುದ್ದೆ ನಿಗದಿ ಆದೇಶದ ಪ್ರತಿ, ಮತ್ತು ಈ ಟೀಚರು ಬಂದಿರುವ ಹುದ್ದೆ ಕನ್ನಡ ಮಾಧ್ಯಮದ್ದೆಂದು ಗುರುತಾಗಿದೆಯೇ ಎಂಬ ದಾಖಲೆ. 30 ದಿನದಲ್ಲಿ ಉತ್ತರ ಬರಬೇಕು. ಗುರುತಾಗಿಲ್ಲದಿದ್ದರೆ ಕೇಳಬೇಕಾದ್ದು ಹುದ್ದೆಯ ತಿದ್ದುಪಡಿ. ಗುರುತಾಗಿದ್ದೂ ಕನ್ನಡ ಬಾರದವರು ಬಂದಿದ್ದರೆ ನೇಮಕದ ವಿರುದ್ಧವೇ ದೂರು. ಎರಡನ್ನೂ ಕಲಸಿ ‘ನಮಗೆ ಅನ್ಯಾಯವಾಗಿದೆ’ ಎಂದಷ್ಟೇ ಬರೆದ ಅರ್ಜಿ ಕಚೇರಿಯಿಂದ ಕಚೇರಿಗೆ ಸುತ್ತುತ್ತಿರುತ್ತದೆ. ಟೀಚರನ್ನು ದೂರಬೇಡಿ. ಅವರೂ ಆದೇಶ ಬಂದಲ್ಲಿಗೆ ಬಂದವರು.

ಆಧಾರವಾಗಿ ಸಂವಿಧಾನದ 350ಎ ವಿಧಿಯನ್ನು ಹೆಸರಿಸಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಏರ್ಪಾಡು ಮಾಡಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ ಅದು. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರ ಶಿಕ್ಷಣ ಸಚಿವರ ಸಮ್ಮೇಳನದ್ದು. ಜಿಲ್ಲಾ ಮಟ್ಟದಲ್ಲಿ ಕೆಲಸ ಆಗದಿದ್ದರೆ, 350ಬಿ ಅಡಿಯಲ್ಲಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಕಮಿಷನರಿಗೆ ಇದೇ ಕಡತ ಕಳಿಸಬಹುದು.

ಪ್ರಶ್ನೆ: ರಾಷ್ಟ್ರೀಯ ಶಿಕ್ಷಣ ನೀತಿ ಬಂದಿದೆಯಲ್ಲ, ನಮ್ಮ ಶಾಲೆಗಳನ್ನು ನಡೆಸುವುದು ಕೇಂದ್ರವೋ ಕೇರಳವೋ?
– ಮುಳ್ಳೇರಿಯದ ಓದುಗರು

ಉತ್ತರ: ದಿನನಿತ್ಯ ನಡೆಸುವುದು ಕೇರಳ. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ಸೇರಿಸಿದ್ದರಿಂದ ಕೇಂದ್ರವೂ ಕಾನೂನು ಮಾಡಬಹುದು. ಶಿಕ್ಷಣ ಹಕ್ಕು ಕಾಯಿದೆ ಬಂದದ್ದು ಹಾಗೆ. 2020ರ ನೀತಿ ಕಾಯಿದೆಯಲ್ಲ. ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂಬ ಅದರ ಮಾತು ನಮ್ಮ ವಾದಕ್ಕೆ ಬಲ ಕೊಡುತ್ತದೆ, ಆದರೆ ಹುದ್ದೆ ಮಂಜೂರು ಮಾಡುವುದಿಲ್ಲ. ಪಠ್ಯಪುಸ್ತಕ ಕೇರಳದ ಎಸ್.ಸಿ.ಇ.ಆರ್.ಟಿ.ಯದು, ಅಂದರೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯದು. ಕನ್ನಡ ಪುಸ್ತಕಕ್ಕೆ ಶಾಲೆಯಿಂದಲೇ ಬೇಡಿಕೆ ಹೋಗಬೇಕು. ‘ಎಷ್ಟು ಪ್ರತಿ ಬೇಡಿಕೆ ಹಾಕಿದ್ದೀರಿ’ ಎಂದು ಪಿ.ಟಿ.ಎ. ಮುಂಚೆಯೇ ವಿಚಾರಿಸಲಿ.

ಪ್ರಶ್ನೆ: ಮಗ ಎಸ್.ಎಸ್.ಎಲ್.ಸಿ. ಮುಗಿಸಿದ. ಮಂಗಳೂರಿಗೆ ಕಳಿಸಿದರೆ ಮುಂದೆ ಸಿಇಟಿಗೆ ಅನುಕೂಲವೇ?
– ಮಂಜೇಶ್ವರದ ಓದುಗರು

ಉತ್ತರ: ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆಂದು ಬೇರೆ ಅರ್ಹತಾ ನಿಯಮವಿದೆ. ಕಾಸರಗೋಡು, ಹೊಸದುರ್ಗ (ಕಾಞಂಗಾಡು), ಮಂಜೇಶ್ವರ ತಾಲೂಕುಗಳ ಹೆಸರು ಅದರಲ್ಲೇ ಇದೆ. ಅಭ್ಯರ್ಥಿ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಎಷ್ಟು ವರ್ಷ, ಎಲ್ಲಿ ಓದಿದ್ದು ಎಂಬುದರ ಮೇಲೆ ಅರ್ಹತೆ ನಿಂತಿರುವುದರಿಂದ ಕಾಲೇಜಿಗೆ ಸೇರಿಸುವ ಮೊದಲೇ ಸಿಇಟಿ ಕೈಪಿಡಿಯ ಆ ಪುಟ ಓದಿ. ಮಂಗಳೂರಿಗೇ ಎಂದು ತೀರ್ಮಾನಿಸಿದರೆ, ಟಿ.ಸಿ.ಗೆ ಇಲ್ಲಿಯ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡೇ ಹೊರಡಿ.