ಚೆಂಡು ಕೊಟ್ಟೂ ಕೊಡದ ನಾಯಕ

"ತಂಡದಲ್ಲಿ ನನ್ನ ಮಾತನ್ನು ಎಲ್ಲರೂ ಕೇಳುತ್ತಾರೆ. ಆದರೆ ನನ್ನ ಜೊತೆ ಯಾರೂ ಮಾತನಾಡುವುದಿಲ್ಲ." ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಮೊದಲ ಭೇಟಿಯಲ್ಲಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅವರು ಹೇಳಿದ ಮಾತು ಇದು. ಕ್ರಿಕೆಟ್ ಕ್ಲಬ್ ತಂಡವೊಂದರ ನಾಯಕ, ವಯಸ್ಸು ಮೂವತ್ತರ ಆಸುಪಾಸು, ಆರಂಭಿಕ ಬ್ಯಾಟರ್. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬರುವ ಹಿರಿಯ ವೇಗದ ಬೌಲರ್ ಕೂಡ ಬರೆಯಲು ಒಪ್ಪಿದ್ದಾರೆ.

ಇಬ್ಬರ ನಡುವೆ ಮಾತು ನಿಂತದ್ದು ಪಂದ್ಯವೊಂದರ ಕೊನೆಯ ಓವರ್‌ಗಳಲ್ಲಿ. ಆ ಹೊತ್ತಿನ ಫೀಲ್ಡಿಂಗ್ ತೋರಿಸಿ ಎಂದು ಗುಂಡುಪಿನ್ನುಗಳ ಡಬ್ಬಿಯನ್ನು ಅವರ ಮುಂದಿಟ್ಟೆ. ಅವರು ವಿಕೆಟ್ ಕೀಪರ್‌ನಿಂದ ಶುರು ಮಾಡಿ ಚಕಚಕನೆ ಹತ್ತು ಪಿನ್ನುಗಳನ್ನು ಜೋಡಿಸಿದರು. ಬ್ಯಾಟರ್ ಹಿಂಬದಿಯ ಲೆಗ್ ಕಡೆ, ಅಂದರೆ ಫೈನ್ ಲೆಗ್‌ನಲ್ಲಿದ್ದವನನ್ನು ಪಿಚ್ ಸುತ್ತಲಿನ ವೃತ್ತದೊಳಗೆ ಕರೆಸಿ, ಹಿಂಬದಿಯ ಆಫ್ ಕಡೆ ನಿಲ್ಲುವ ಥರ್ಡ್ ಮ್ಯಾನ್‌ನನ್ನು ಬೌಂಡರಿಗೆ ಕಳುಹಿಸಿದ್ದನ್ನೂ ತೋರಿಸಿದರು. "ಬೌಲರ್ ಎಲ್ಲಿ?" ಎಂದು ಕೇಳಿದೆ. ಅವರ ಕೈ ಡಬ್ಬಿಯ ಮೇಲೆಯೇ ನಿಂತಿತು. ಬೌಲರ್‌ಗೆ ಪಿನ್ನು ಇಟ್ಟಿರಲಿಲ್ಲ.

ಆ ಕ್ಷಣ ಬೌಲರ್ ರನ್ ಅಪ್‌ನ ತುದಿಯಲ್ಲಿದ್ದರು, ಬ್ಯಾಟರ್‌ನ ಕಾಲಬುಡಕ್ಕೆ ಬೀಳುವ ಯಾರ್ಕರ್ ಎಸೆಯುವುದೆಂದು ಮನಸ್ಸು ಮಾಡಿದ್ದರು. ಯಾರ್ಕರ್‌ಗೆ ಬ್ಯಾಟಿನ ಒಳ ಅಂಚು ತಗುಲಿದರೆ ಚೆಂಡು ಹೋಗುವುದೇ ಫೈನ್ ಲೆಗ್ ಕಡೆಗೆ. ಹಾಗೆಯೇ ಆಯಿತು, ನಾಲ್ಕು ರನ್. ನಾಯಕರು ಕವರ್‌ನಲ್ಲಿ ನಿಂತು ಎರಡೂ ಕೈ ಒದರಿದರು. ಬೌಲರ್ ನನಗೆ ಹೇಳಿದ್ದು ಇಷ್ಟು: "ಬೌಂಡರಿ ಹೋದದ್ದು ನನಗೆ ದೊಡ್ಡದಲ್ಲ. ಅವನು ನನ್ನನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ಎಲ್ಲರೆದುರು ತಪ್ಪು ನನ್ನದು ಎನ್ನುವ ಹಾಗೆ ನಿಂತ."

ನಾಯಕರಲ್ಲಿ ನನಗೆ ಅಹಂಕಾರ ಕಾಣಲಿಲ್ಲ, ಭಯ ಕಂಡಿತು. ಸೋತರೆ ನಾಯಕತ್ವ ಹೋಗುತ್ತದೆ ಎಂಬ ಭಯ. ಅದಕ್ಕೇ ಪ್ರತಿ ಎಸೆತವನ್ನೂ ತಾವೇ ಎಸೆಯುವವರಂತೆ ಆಡುತ್ತಿದ್ದರು.

"ಬೌಲರನ್ನು ಕೇಳುತ್ತಾ ಕೂತರೆ ನಾಯಕ ಯಾಕೆ ಬೇಕು?" ಎಂದು ಅವರು ವಾದಿಸಿದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ. ಕೊನೆಯ ನಿರ್ಧಾರ ನಾಯಕನದೇ, ಅದರಲ್ಲಿ ಎರಡು ಮಾತಿಲ್ಲ. 1981ರಲ್ಲಿ ಇಂಗ್ಲೆಂಡ್ ನಾಯಕ ಇಯಾನ್ ಬಾಥಮ್ ಲಾರ್ಡ್ಸ್‌ನಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ ಸೊನ್ನೆಗೆ ಔಟಾಗಿ ನಾಯಕತ್ವ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದ ಮೈಕ್ ಬ್ರೇರ್ಲಿ, ಹೆಡಿಂಗ್ಲೆ ಟೆಸ್ಟ್‌ನಲ್ಲಿ ಆಡುವ ಮನಸ್ಸಿದೆಯೇ ಎಂದು ಬಾಥಮ್ ಅವರನ್ನೇ ಕೇಳಿದರು. ಬಾಥಮ್ ಔಟಾಗದೆ 149 ರನ್ ಹೊಡೆದರು, ಮೊದಲ ಇನಿಂಗ್ಸ್‌ನಲ್ಲಿ ಬಹಳ ಹಿಂದುಳಿದು ಮತ್ತೆ ಬ್ಯಾಟ್ ಮಾಡಬೇಕಾಗಿ ಬಂದ (ಫಾಲೋ ಆನ್) ಇಂಗ್ಲೆಂಡ್ 18 ರನ್‌ಗಳಿಂದ ಗೆದ್ದಿತು. ಬ್ರೇರ್ಲಿ ಮುಂದೆ ಮನೋವಿಶ್ಲೇಷಕರಾದರು ಎಂಬುದು ನನ್ನಂಥವರಿಗೆ ವಿಶೇಷ ಪ್ರೀತಿಯ ಸಂಗತಿ. ಕೇಳಿದ್ದರಿಂದ ಅವರ ನಾಯಕತ್ವ ಕುಗ್ಗಲಿಲ್ಲ.

ಕೇಳದೆ ತೆಗೆದುಕೊಳ್ಳಬೇಕಾದ ನಿರ್ಧಾರಗಳೂ ಇರುತ್ತವೆ. ಪಾಕಿಸ್ತಾನದಲ್ಲಿ ನಡೆದ 2004ರ ಮುಲ್ತಾನ್ ಟೆಸ್ಟ್‌ನಲ್ಲಿ ಸಚಿನ್ ತೆಂಡೂಲ್ಕರ್ 194 ರನ್ ಗಳಿಸಿ ಆಡುತ್ತಿದ್ದಾಗ ದ್ವಿಶತಕಕ್ಕೆ ಆರೇ ರನ್ ಬಾಕಿಯಿದ್ದರೂ ಹಂಗಾಮಿ ನಾಯಕ ರಾಹುಲ್ ದ್ರಾವಿಡ್ ಇನಿಂಗ್ಸ್ ಮುಗಿಸಿ ಡಿಕ್ಲೇರ್ ಮಾಡಿದರು. ಭಾರತ ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು. ಸಚಿನ್ ತಮ್ಮ ಬೇಸರವನ್ನು ಮುಚ್ಚಿಡಲಿಲ್ಲ. ಇಬ್ಬರೂ ಕೂತು ಮಾತನಾಡಿದರು, ಆಮೇಲೂ ವರ್ಷಗಟ್ಟಲೆ ಜೊತೆಯಾಗಿ ಆಡಿದರು. ಕಠಿಣ ನಿರ್ಧಾರವನ್ನು ಆಟಗಾರ ನುಂಗಿಕೊಳ್ಳಬಲ್ಲ. ನಿರ್ಧಾರದ ಹಿಂದಿನ ಮೌನವನ್ನು ನುಂಗುವುದು ಕಷ್ಟ.

ತಂಡದ ಸಭೆ ಕರೆದು ಎಲ್ಲರ ಮನಸ್ಸು ಬಿಚ್ಚಿಸುವುದು ಅವರ ಯೋಜನೆಯಾಗಿತ್ತು. ಬೇಡ ಎಂದೆ. ನಂಬಿಕೆ ಇಲ್ಲದ ಕಡೆ ಸಭೆ ಕರೆದರೆ ನಾಯಕನಿಗೆ ಬೇಕಾದ ಮಾತೇ ಹೊರಬರುತ್ತದೆ. ಮೊದಲು ಬೌಲರ್ ಬಳಿ ಒಬ್ಬರೇ ಹೋಗಿ, ಆ ದಿನ ಫೀಲ್ಡರನ್ನು ಯಾಕೆ ಸರಿಸಿದಿರೆಂದು ಹೇಳಿ. ಕೈ ಒದರಿದ್ದು ಎಲ್ಲರೆದುರು, ಹಾಗಾಗಿ ಅದಕ್ಕೆ ಕ್ಷಮೆಯನ್ನೂ ಎಲ್ಲರೆದುರೇ ಕೇಳಿ. ಇನ್ನು ಮುಂದೆ ಚೆಂಡು ಕೊಡುವಾಗ "ಯಾವ ಫೀಲ್ಡ್ ಬೇಕು?" ಎಂಬುದು ಮೊದಲ ಮಾತಾಗಿರಲಿ. ಬದಲಿಸಲೇಬೇಕಾದರೆ ದೂರದಿಂದ ಕೈ ಬೀಸಬೇಡಿ, ಬೌಲರ್ ತನಕ ನಡೆದು ಹೋಗಿ. ಹೊರಗುಳಿಯುವ ಆಟಗಾರನಿಗೆ ಪಟ್ಟಿ ಅಂಟಿಸುವ ಮೊದಲೇ ನಿಮ್ಮ ಬಾಯಿಂದ ಕಾರಣ ತಿಳಿಯಬೇಕು.

ಈ ಕೊನೆಯ ಸಲಹೆ ತಡವಾಗಿ ಬಂತು. ಕಾರಣ ಹೇಳದೆ ಮೂರು ಪಂದ್ಯ ಕೂರಿಸಿದ್ದ ಯುವ ಸ್ಪಿನ್ನರ್ ಅಷ್ಟರಲ್ಲಿ ಬೇರೆ ತಂಡ ಸೇರಿದ್ದ. ಆ ಹುಡುಗನ ಬಗ್ಗೆ ನನಗೆ ಈಗಲೂ ಸಂಕಟವಿದೆ.

ಆರು ವಾರಗಳ ಬಳಿಕ ನಾಯಕರು ಬಂದು ಒಂದು ಪಂದ್ಯದ ವಿಷಯ ಹೇಳಿದರು. ಫೈನ್ ಲೆಗ್‌ನವನನ್ನು ಒಳಗೆ ಕರೆಸಿ ಥರ್ಡ್ ಮ್ಯಾನ್‌ನನ್ನು ಬೌಂಡರಿಗೆ ಕಳುಹಿಸಲೇ ಎಂದು ಕೇಳಲು ಬೌಲರ್ ಬಳಿ ಹೋದರೆ, ಅವರು ತಲೆಯಾಡಿಸಿ ಬೇಡವೆಂದರಂತೆ. ಇವರು ಸುಮ್ಮನೆ ಕವರ್‌ಗೆ ಮರಳಿದರು. ಮುಂದಿನ ಎಸೆತ ಥರ್ಡ್ ಮ್ಯಾನ್ ಮೂಲಕ ಬೌಂಡರಿಗೆ ಹೋಯಿತು. "ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ" ಎಂದರು. ಬೌಲರ್ ರನ್ ಅಪ್‌ಗೆ ಮರಳುವ ದಾರಿಯಲ್ಲಿ ತಾವಾಗಿಯೇ ಇವರ ಕಡೆ ತಿರುಗಿ, "ಈಗ ಫೈನ್ ಲೆಗ್‌ನವನನ್ನು ಒಳಗೆ ತರೋಣವೇ?" ಎಂದು ಕೇಳಿದರಂತೆ.