ತೋಟದ ತರಕಾರಿ ಯಾರ ಕೈ ಸೇರಬೇಕು

ನಮಸ್ಕಾರ. ಅಮೆರಿಕಕ್ಕೆ ಬಂದು ಮೂರು ತಿಂಗಳಾಯಿತು, ಕಚೇರಿಯ ದಾರಿಯಲ್ಲಿ ಮೇಲ್ಸೇತುವೆಯ ಕೆಳಗೆ ಡೇರೆ ಹಾಕಿಕೊಂಡವರನ್ನು ದಿನವೂ ನೋಡುತ್ತೇನೆ, ನಮ್ಮ ಬಡಾವಣೆಯ ಸಮುದಾಯ ತೋಟಕ್ಕೆ ಸೇರಿದರೆ ಅವರಿಗೇನಾದರೂ ಉಪಯೋಗವಾದೀತೇ, ವೀಸಾಕ್ಕೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ನಾನು ಬಂದು ಇಪ್ಪತ್ತೆರಡು ವರ್ಷಗಳಾದವು. ಅದರಲ್ಲಿ ಹದಿನಾರು ವರ್ಷ ಇಂಥ ತೋಟಗಳಲ್ಲೇ ವಾರಾಂತ್ಯಗಳನ್ನು ಕಳೆದಿದ್ದೇನೆ. ಖಂಡಿತ ಸೇರಿ. ಆದರೆ ಬೆಳೆದದ್ದು ಹಸಿದವರ ಹೊಟ್ಟೆ ಸೇರುವುದು ತಾನಾಗಿ ಆಗುವ ಕೆಲಸವಲ್ಲ, ಅದನ್ನು ಮೊದಲೇ ತಿಳಿದಿರಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನನ್ನ ಪಾಲಿನ ಮಡಿಯಲ್ಲಿ ಕುಂಬಳ ಚೆನ್ನಾಗಿ ಬಂದಿತ್ತು. ಒಂದು ದೊಡ್ಡ ಕಾಯಿಯನ್ನು ಹೊತ್ತುಕೊಂಡು ಹೋಗಿ, ಗ್ರಂಥಾಲಯದ ಮೆಟ್ಟಿಲ ಬಳಿ ದಿನವೂ ಕೂರುತ್ತಿದ್ದ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಸಂತೋಷದಿಂದಲೇ ಸುತ್ತ ಸವರಿ ನೋಡಿ, "ಇದನ್ನು ನಾನು ಎಲ್ಲಿ ಬೇಯಿಸಲಿ?" ಎಂದು ಕೇಳಿದರು. ಒಲೆಯಿಲ್ಲ, ಪಾತ್ರೆಯಿಲ್ಲ, ಹೆಚ್ಚಲು ಚಾಕುವಿಲ್ಲ. ಸಂಜೆ ಅಲ್ಲಿಂದ ಎದ್ದು ಹೊರಡುವಾಗ ಹೊತ್ತು ತಿರುಗಲು ಅದೊಂದು ಭಾರ. ಮರುವಾರ ಕ್ಯಾರೆಟ್ ಒಯ್ದೆ. ಅವರು ಏನೂ ಹೇಳದೆ ಬಾಯಿ ತೆರೆದು ತೋರಿಸಿದರು; ದವಡೆಯ ಹಲ್ಲುಗಳು ಒಂದೂ ಇರಲಿಲ್ಲ. ಅದಾದ ಮೇಲೆ ಅವರಿಗೆಂದು ನಾನು ಕೊಂಡೊಯ್ದದ್ದು ಚೆರ್ರಿ ಟೊಮೆಟೊ ಮತ್ತು ಸ್ಟ್ರಾಬೆರಿ ಮಾತ್ರ, ಅದೂ ಕೈಯಲ್ಲಿ ಹಿಡಿಯುವಷ್ಟು.

ಹಸಿದವರು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬಾಡಿಗೆ ಕಟ್ಟಿದ ಮೇಲೆ ದಿನಸಿಗೆ ಹಣ ಉಳಿಯದ ಕುಟುಂಬಕ್ಕೆ ಅಡುಗೆಮನೆಯಾದರೂ ಇರುತ್ತದೆ. ಅವರು ದಿನಸಿಯನ್ನು ಉಚಿತವಾಗಿ ಹಂಚುವ ಫುಡ್ ಪ್ಯಾಂಟ್ರಿಗೆ ಬಂದು ಹಸಿ ತರಕಾರಿಯನ್ನು ಸಂತೋಷದಿಂದ ಒಯ್ಯುತ್ತಾರೆ. ಸೂರೇ ಇಲ್ಲದವರಿಗೆ ಬೇಕಾದದ್ದು ಬೇಯಿಸಿದ ಊಟ. ಅವರ ಪಾಲಿನ ಫಸಲು ಮನೆಯಿಲ್ಲದವರು ತಂಗುವ ಶೆಲ್ಟರಿನ ಅಥವಾ ಉಚಿತ ಊಟ ಕೊಡುವ ಅಡುಗೆಮನೆಗೆ ಹೋಗಬೇಕು. ಆದ್ದರಿಂದ ಬೀಜ ಬಿತ್ತುವ ಮೊದಲೇ ಫೋನ್ ಮಾಡಿ ಕೇಳಿ: ನಿಮಗೆ ಏನು ಬೇಕು, ಯಾವ ದಿನ ತೆಗೆದುಕೊಳ್ಳುತ್ತೀರಿ, ಫ್ರಿಜ್ಜಿನಲ್ಲಿ ಎಷ್ಟು ಜಾಗವಿದೆ? ನಾವೊಮ್ಮೆ ಶನಿವಾರ ಸಂಜೆ ನಾಲ್ಕು ಪೆಟ್ಟಿಗೆ ಸೊಪ್ಪು ಕೊಯ್ದು ಒಯ್ದರೆ, ಪ್ಯಾಂಟ್ರಿಯ ಬಾಗಿಲು ಮಂಗಳವಾರದವರೆಗೆ ಮುಚ್ಚಿತ್ತು. ಅಷ್ಟೂ ಕಾಂಪೋಸ್ಟ್ ಗುಂಡಿಗೆ ಹೋಯಿತು. ಈಗ ನಾವು ಪ್ಯಾಂಟ್ರಿ ತೆರೆಯುವ ದಿನದ ಮುಂಜಾನೆ ಬಿಸಿಲೇರುವ ಮೊದಲೇ ಕೊಯ್ದು, ತೂಕ ಬರೆದಿಟ್ಟು, ನೆರಳಿನಲ್ಲೇ ಸಾಗಿಸುತ್ತೇವೆ. ಅಡುಗೆಮನೆಯವರು ಕೇಳುವುದು ಹತ್ತು ಬಗೆಯ ಅಪರೂಪದ ಕಾಯಿಗಳನ್ನಲ್ಲ, ಒಂದೇ ಬಗೆಯ ಈರುಳ್ಳಿ, ಆಲೂಗಡ್ಡೆ, ಕುಂಬಳವನ್ನು ಮೂಟೆಗಟ್ಟಲೆ.

ಹೀಗೆ ಕೊಡುವುದಕ್ಕೆ ಇಲ್ಲಿ ಹಳೆಯ ದಾರಿಗಳಿವೆ. ಅಲಾಸ್ಕಾದ ಆ್ಯಂಕರೇಜಿನಲ್ಲಿ ತೋಟಗಾರಿಕೆಯ ಅಂಕಣಕಾರ ಜೆಫ್ ಲೋವೆನ್‌ಫೆಲ್ಸ್ 1995ರಲ್ಲಿ, ಪ್ರತಿಯೊಬ್ಬರೂ ಹಸಿದವರಿಗಾಗಿ ಒಂದು ಸಾಲು ಹೆಚ್ಚು ನೆಡಿ ಎಂದು ಓದುಗರನ್ನು ಕೇಳಿಕೊಂಡರು. ಅದು ದೇಶದಾದ್ಯಂತ ಹರಡಿತು. ಕೊಟ್ಟದ್ದನ್ನು ತಿಂದು ಯಾರಿಗಾದರೂ ಕಾಯಿಲೆಯಾದರೆ ನಮ್ಮ ಮೇಲೆ ಮೊಕದ್ದಮೆ ಬಿದ್ದೀತೆಂಬ ಭಯ ಹೊಸಬರಿಗೆ ಸಹಜ. 1996ರ ಬಿಲ್ ಎಮರ್ಸನ್ ಕಾಯಿದೆಯು, ಸದುದ್ದೇಶದಿಂದ ಲಾಭರಹಿತ ಸಂಸ್ಥೆಗೆ ಆಹಾರ ಕೊಟ್ಟವರನ್ನು, ಘೋರ ನಿರ್ಲಕ್ಷ್ಯವಿಲ್ಲದಿದ್ದರೆ, ಹೊಣೆಯಿಂದ ರಕ್ಷಿಸುತ್ತದೆ. ಇನ್ನೊಂದು ಸಂಗತಿ ಇಲ್ಲಿಯವರಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ: ಸರ್ಕಾರದ ಸ್ನ್ಯಾಪ್ ಆಹಾರ ನೆರವಿನ ಕಾರ್ಡಿನಿಂದ ತಿನ್ನುವ ಬೆಳೆಯ ಬೀಜ, ಸಸಿಗಳನ್ನೂ ಕೊಳ್ಳಬಹುದು. ನಮ್ಮ ತೋಟದ ಫಲಕದಲ್ಲಿ ಅದನ್ನು ದೊಡ್ಡಕ್ಷರದಲ್ಲಿ ಬರೆದಿದ್ದೇವೆ.

ಆದರೂ ತರಕಾರಿಯನ್ನು ಕೊಡುವುದಕ್ಕಿಂತ ನೆಲವನ್ನೂ ಕೆಲಸವನ್ನೂ ಕೊಡುವುದು ದೊಡ್ಡದೆಂದು ನಾನು ನಂಬಿದ್ದೇನೆ. 1893ರ ಆರ್ಥಿಕ ಕುಸಿತದಲ್ಲಿ ಡೆಟ್ರಾಯಿಟಿನ ಕಾರ್ಖಾನೆಗಳು ಮುಚ್ಚಿದಾಗ, ಅಲ್ಲಿನ ಮೇಯರ್ ಹೇಜನ್ ಪಿಂಗ್ರೀ 1894ರಲ್ಲಿ ನಗರದ ಖಾಲಿ ನಿವೇಶನಗಳನ್ನು ಮಾಲೀಕರಿಂದ ಕೇಳಿ ಪಡೆದು, ಕೆಲಸ ಕಳೆದುಕೊಂಡವರಿಗೆ ಆಲೂಗಡ್ಡೆ, ಹುರುಳಿಕಾಯಿ ಬೆಳೆದುಕೊಳ್ಳಲು ಹಂಚಿದರು. ಮೊದಲು ನಕ್ಕವರ ಊರುಗಳೂ ಆಮೇಲೆ ಅದನ್ನೇ ಅನುಸರಿಸಿದವು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸಿನಲ್ಲಿ 1990ರಿಂದ ನಡೆಯುತ್ತಿರುವ ಹೋಮ್‌ಲೆಸ್ ಗಾರ್ಡನ್ ಪ್ರಾಜೆಕ್ಟ್, ಮನೆಯಿಲ್ಲದವರಿಗೆ ಸಾವಯವ ಬೇಸಾಯದಲ್ಲಿ ಸಂಬಳ ಸಹಿತ ತರಬೇತಿ ಕೊಟ್ಟು, ಮುಂದಿನ ಕೆಲಸ ಮತ್ತು ವಸತಿ ಹುಡುಕಿಕೊಳ್ಳಲು ನೆರವಾಗುತ್ತದೆ. ಒಂದೊತ್ತಿನ ಊಟ ಕೊಡುವುದಕ್ಕೂ, ಗೊತ್ತಾದ ಹೊತ್ತಿಗೆ ಬರಬೇಕಾದ ಒಂದು ಜಾಗ, ಕಾಯುವ ಜನ, ತಿಂಗಳ ಸಂಬಳ ಕೊಡುವುದಕ್ಕೂ ಇರುವ ಅಂತರವನ್ನು ನಾನು ಹೇಳಬೇಕಾಗಿಲ್ಲ.

ನೆಲದ ಹಕ್ಕಿಲ್ಲದ ತೋಟ ಎಷ್ಟು ದುರ್ಬಲವೆಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಲಾಸ್ ಏಂಜಲೀಸಿನ ಸೌತ್ ಸೆಂಟ್ರಲ್ ಫಾರ್ಮ್‌ನ 14 ಎಕರೆಯಲ್ಲಿ ಸುಮಾರು 350 ಬಡ ಕುಟುಂಬಗಳು ವರ್ಷಗಟ್ಟಲೆ ಬೆಳೆದುಕೊಂಡಿದ್ದವು; ಜಾಗ ಖಾಸಗಿ ಮಾಲೀಕರ ಕೈಗೆ ಹೋಗಿ, 2006ರ ಜೂನಿನಲ್ಲಿ ಅವರನ್ನು ತೆರವು ಮಾಡಿ, ಬುಲ್ಡೋಜರ್ ಓಡಿಸಿದರು. ಹಾಗಾಗಿ ನಿಮ್ಮ ತೋಟದ ಜಾಗ ಯಾರದು, ಗುತ್ತಿಗೆ ಎಷ್ಟು ವರ್ಷದ್ದು ಎಂಬುದನ್ನು ಸೇರುವಾಗಲೇ ಕೇಳಿ ತಿಳಿಯಿರಿ. ಮಣ್ಣಿನ ಪರೀಕ್ಷೆಯ ವರದಿಯನ್ನೂ ಕೇಳಿ. ಹಳೆಯ ಬಣ್ಣ ಮತ್ತು ಹಿಂದಿನ ಪೆಟ್ರೋಲಿನಲ್ಲಿದ್ದ ವಿಷಕಾರಿ ಸೀಸ ನಗರದ ನೆಲದಲ್ಲಿ ಸೇರಿರುವುದರಿಂದಲೇ ಎಷ್ಟೋ ಕಡೆ ಮರದ ಚೌಕಟ್ಟಿನಲ್ಲಿ ಹೊಸ ಮಣ್ಣು ತುಂಬಿ ಮಡಿ ಮಾಡುತ್ತಾರೆ.

ನಿಮ್ಮ ವೀಸಾದ ವಿಷಯ: ಲಾಭರಹಿತ ಸಂಸ್ಥೆಯಲ್ಲಿ ಎಲ್ಲರೂ ಹಣ ಪಡೆಯದೆ ಮಾಡುವ ಸೇವೆಯನ್ನು ನೀವೂ ಹಾಗೆಯೇ ಮಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಗೌರವಧನ, ಗಿಫ್ಟ್ ಕಾರ್ಡ್ ಯಾವುದನ್ನೂ ತೆಗೆದುಕೊಳ್ಳಬೇಡಿ. ಸಂದೇಹವಿದ್ದರೆ ವಕೀಲರನ್ನು ಕೇಳಿ. ಸ್ವಂತ ಮಡಿಗೆ ಹಲವು ನಗರಗಳಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಆದರೆ ದಾನಕ್ಕೆಂದೇ ಬೆಳೆಯುವ ಮಡಿಗಳಲ್ಲಿ ಕಳೆ ಕೀಳಲು ಯಾವ ಸರದಿಯೂ ಇಲ್ಲ.

ಬೇಲಿಯ ಮಾತು ಹೇಳದೆ ಮುಗಿಸಲಾರೆ. ರಾತ್ರಿ ಯಾರೋ ಟೊಮೆಟೊ ಕಿತ್ತರೆಂದು ನಮ್ಮ ತೋಟದ ಸಭೆಯಲ್ಲಿ ಒಂದು ವರ್ಷ ದೊಡ್ಡ ಜಗಳವೇ ನಡೆಯಿತು. ಗೇಟಿಗೆ ಬೀಗ ಬೇಕೆಂದು ಹಲವರು ಪಟ್ಟು ಹಿಡಿದರು. ಬೆವರು ಸುರಿಸಿ ಬೆಳೆದವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಹಸಿದವರ ಹೆಸರಿನಲ್ಲಿ ನಗರಸಭೆಯಿಂದ ನೆಲ ಪಡೆದು, ಹಸಿದವರಿಗೇ ಬೀಗ ಹಾಕುವುದು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಒಪ್ಪಿಗೆಯಿಲ್ಲ. ಕೊನೆಗೆ ಬೀಗ ಬಿತ್ತು, ಆದರೆ ಬೇಲಿಯ ಹೊರಗೆ ಕಾಲುದಾರಿಯುದ್ದಕ್ಕೂ ಒಂದು ಸಾಲು ಚೆರ್ರಿ ಟೊಮೆಟೊ, ಬಟಾಣಿ, ಸ್ಟ್ರಾಬೆರಿ ನೆಟ್ಟು, "ಯಾರು ಬೇಕಾದರೂ ಕಿತ್ತುಕೊಳ್ಳಬಹುದು" ಎಂದು ಹಲಗೆ ನೆಟ್ಟೆವು. ಆ ಸಾಲಿಗೆ ನೀರು ಹಾಕಲು ನಾವು ಬರುವ ಮೊದಲೇ, ಕೆಲವು ಬೆಳಗ್ಗೆ, ಯಾರೋ ಗಿಡಗಳಿಗೆ ಕೋಲು ಕಟ್ಟಿ ಹೋಗಿರುತ್ತಿದ್ದರು. ಹಳೆಯ ಶೂ ದಾರದಿಂದ, ಕಾಂಡಕ್ಕೆ ನೋವಾಗದಂತೆ ಸಡಿಲವಾಗಿ ಹಾಕಿದ ಗಂಟು. ಅದನ್ನು ಕಟ್ಟುತ್ತಿದ್ದವರು ಮುಂದೆ ನಮ್ಮ ಜೊತೆಗೇ ಸೇರಿ, ಮೂರು ವರ್ಷ ಸಸಿಗಳನ್ನು ನೋಡಿಕೊಂಡರು.

ತೋಟ ಮನೆಗೆ ಬದಲಿಯಲ್ಲ. ಡೇರೆ ಹಾಕದಂತೆ ತಡೆಯಲೆಂದೇ ಪಾದಚಾರಿ ದಾರಿಯಲ್ಲಿ ಇರಿಸಿದ ದೊಡ್ಡ ಹೂಕುಂಡಗಳನ್ನೂ ನೀವು ಇಲ್ಲಿ ಕಾಣುವಿರಿ. ಅದೂ ಹಸಿರೇ, ಆದರೆ ನಾನು ಹೇಳುತ್ತಿರುವ ಹಸಿರು ಅದಲ್ಲ. ನಗರಸಭೆಯಲ್ಲಿ ಕಡಿಮೆ ಬಾಡಿಗೆಯ ವಸತಿಯ ಬಗ್ಗೆ ಚರ್ಚೆಯಿದ್ದ ದಿನ ಹೋಗಿ ಕೂರುವುದನ್ನೂ ತೋಟದ ಕೆಲಸವೆಂದೇ ನಾನು ಎಣಿಸುತ್ತೇನೆ.

ಮೊದಲ ದಿನ ಹೋಗುವಾಗ ಗಟ್ಟಿ ಬೂಟು, ಟೋಪಿ, ಕುಡಿಯುವ ನೀರು ಇರಲಿ; ಕೈಗವಸು, ಗುದ್ದಲಿ ಅಲ್ಲೇ ಸಿಗುತ್ತವೆ. ಅಲ್ಲಿ ಬೆಳೆದದ್ದನ್ನು ಯಾವ ಅಡುಗೆಮನೆಗೆ, ಯಾವ ದಿನ ಒಯ್ಯುತ್ತಾರೆಂದು ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ, ಆ ಫೋನ್ ಕರೆಗಳನ್ನು ಮಾಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.